ಹಲವು ಸರ್ವರ್, ಒಂದೇ ಸಂರಚನೆ: ಮುದ್ರಣ ಜಾಲದಲ್ಲಿ ಅಧಿಕೃತ ಪಾಠದ ಪ್ರಶ್ನೆ

ವಿಶ್ವವಿದ್ಯಾಲಯದ ಗಣಕಜಾಲದಲ್ಲಿ ಹಲವು ಸರ್ವರ್‌ಗಳು ಅವೇ ಪ್ರಿಂಟರ್‌ಗಳನ್ನು ಬಳಸುವುದು ಸಾಮಾನ್ಯ. ಪ್ರಿಂಟರಿನ ಹೆಸರು, ವಿಳಾಸ, ಕಾಗದದ ಅಳತೆ, ಬಳಕೆಯ ಅನುಮತಿ ಇವುಗಳ ದಾಖಲೆಯೇ ಸಂರಚನೆ. ಈ ದಾಖಲೆಯ ಅಧಿಕೃತ ಪಾಠ ಯಾವ ಸರ್ವರಿನಲ್ಲಿರಬೇಕು, ಉಳಿದವು ಅದನ್ನು ಹೇಗೆ ಅರಿಯಬೇಕು? 1999ರಲ್ಲಿ ಬಿಡುಗಡೆಯಾಗಿ ಲಿನಕ್ಸ್ ಲೋಕದಲ್ಲಿ ನೆಲೆಗೊಂಡ 'ಕಪ್ಸ್' ಮುದ್ರಣ ತಂತ್ರಾಂಶದಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಉತ್ತರಗಳಿವೆ.

ಮೊದಲನೆಯದು ಪ್ರತಿ ಮಾಡುವುದು. ಕಪ್ಸ್ ತನ್ನ ಪ್ರಿಂಟರ್‌ಗಳ ವಿವರವನ್ನು 'ಪ್ರಿಂಟರ್ಸ್.ಕಾನ್ಫ್' ಎಂಬ ಕಡತದಲ್ಲಿಡುತ್ತದೆ. ಅದನ್ನು ಎಲ್ಲ ಸರ್ವರ್‌ಗಳಿಗೂ ನಕಲಿಸುವುದು ಸುಲಭವೆನಿಸುತ್ತದೆ. ಆದರೆ ಆ ಕಡತದಲ್ಲಿ ಸ್ಥಿರ ವಿವರಗಳೊಡನೆ ಪ್ರಿಂಟರಿನ ತತ್ಕಾಲದ ಸ್ಥಿತಿಯೂ ಇರುತ್ತದೆ. ಸೇವೆ ಚಾಲನೆಯಲ್ಲಿರುವಾಗ ಕಪ್ಸ್ ಅದನ್ನು ತಾನೇ ತಿದ್ದಿ ಬರೆಯುತ್ತದೆ. ಒಂದು ಸರ್ವರಿನಲ್ಲಿ ಸ್ಥಗಿತಗೊಂಡ ಸರದಿಯ ಸ್ಥಿತಿ ನಕಲಿನೊಡನೆ ಉಳಿದೆಡೆಗೂ ಸಾಗಬಹುದು. ಹಸ್ತಪ್ರತಿಗಳಂತೆ ಇಲ್ಲಿಯೂ ಕ್ರಮೇಣ ಪಾಠಾಂತರಗಳು ಹುಟ್ಟುತ್ತವೆ.

ಎರಡನೆಯದು ಕೇಂದ್ರೀಕರಣ. 'ಕ್ಲೈಂಟ್.ಕಾನ್ಫ್' ಕಡತದ ಒಂದು ಸಾಲಿನಲ್ಲಿ ಕೇಂದ್ರ ಸರ್ವರಿನ ಹೆಸರು ಬರೆದರೆ ಉಳಿದ ಯಂತ್ರಗಳಿಗೆ ಸ್ವಂತ ದಾಖಲೆ ಬೇಕಿಲ್ಲ. ಪಾಠಾಂತರದ ಸಮಸ್ಯೆ ನೀಗುತ್ತದೆ. ಆದರೆ ಕೇಂದ್ರ ನಿಂತರೆ ಎಲ್ಲರ ಮುದ್ರಣವೂ ನಿಲ್ಲುತ್ತದೆ.

ಮೂರನೆಯದು ಘೋಷಣೆ. ಹಳೆಯ ಕಪ್ಸ್ ಸರ್ವರ್‌ಗಳು ಯುಡಿಪಿ 631ನೆಯ ಪೋರ್ಟಿನಲ್ಲಿ ತಮ್ಮ ಪ್ರಿಂಟರ್‌ಗಳನ್ನು ಜಾಲಕ್ಕೆ ಸಾರುತ್ತಿದ್ದವು. ಒಂದೇ ಹೆಸರಿನ ಪ್ರಿಂಟರನ್ನು ಎರಡು ಸರ್ವರ್‌ಗಳು ಸಾರಿದರೆ ಕೇಳುವ ಯಂತ್ರ ಅವನ್ನು ಒಂದು ವರ್ಗವಾಗಿ ಕೂಡಿಸಿಕೊಳ್ಳುತ್ತಿತ್ತು. ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತಿತ್ತು. 2012ರ 1.6ನೆಯ ಆವೃತ್ತಿ ಈ ವಿಧಾನವನ್ನು ಕೈಬಿಟ್ಟಿತು. ಆ ಹೊಣೆಯನ್ನು 'ಕಪ್ಸ್-ಬ್ರೌಸ್ಡ್' ಎಂಬ ಪ್ರತ್ಯೇಕ ಸೇವೆ ವಹಿಸಿಕೊಂಡಿತು.

ಘೋಷಣೆಯನ್ನು ನಂಬುವುದರ ಬೆಲೆ 2024ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಕಪ್ಸ್-ಬ್ರೌಸ್ಡ್ ಯಾವ ಮೂಲದಿಂದ ಬಂದ ಸಂದೇಶವನ್ನೂ ಸ್ವೀಕರಿಸುತ್ತಿದ್ದುದರಿಂದ, ಹೊರಗಿನವರು ಕೃತಕ ಪ್ರಿಂಟರೊಂದನ್ನು ಸೇರಿಸಲು ಸಾಧ್ಯವಿತ್ತು. ಅದಕ್ಕೆ ಕಡತ ಕಳಿಸಿದೊಡನೆ ಅವರ ಆದೇಶಗಳು ಸರ್ವರಿನಲ್ಲಿ ಜಾರಿಯಾಗಬಹುದಿತ್ತು.

ಆದ್ದರಿಂದ ಹಂಚಬೇಕಾದುದು ಕಡತವನ್ನಲ್ಲ, ಕಡತವನ್ನು ರೂಪಿಸುವ ಆದೇಶಗಳನ್ನು. 'ಎಲ್‌ಪಿ-ಅಡ್ಮಿನ್' ಆದೇಶಗಳ ಪಟ್ಟಿಯೊಂದನ್ನು ಒಂದೆಡೆ ಕಾಪಾಡಿ ಪ್ರತಿ ಸರ್ವರಿನಲ್ಲೂ ನಡೆಸಿದರೆ, ಸಮಾನ ಅಂಶಗಳು ಸಮಾನವಾಗಿಯೂ ಸ್ಥಿತಿಯ ವಿವರಗಳು ಸ್ಥಳೀಯವಾಗಿಯೂ ಉಳಿಯುತ್ತವೆ. ಕನ್ನಡ ಕಡತಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಸಂರಚನೆ ಒಂದೇ ಆದರೂ ಸರ್ವರ್‌ಗಳಲ್ಲಿರುವ ಫಾಂಟ್‌ಗಳು ಭಿನ್ನವಾಗಿರಬಹುದು. ಫಾಂಟ್ ಅಡಕವಾದ ಪಿಡಿಎಫ್ ರೂಪದಲ್ಲಿ ಕಳಿಸಿದರೆ ಒತ್ತಕ್ಷರಗಳ ರೂಪ ಸರ್ವರಿನ ಫಾಂಟನ್ನು ಅವಲಂಬಿಸಬೇಕಾಗುವುದಿಲ್ಲ.