ಹಳ್ಳ ಬಂದರೆ ಹೊಲಕ್ಕೆ ಗೊಬ್ಬರವೇ?

ಧಾರವಾಡದ ಚಹಾದಂಗಡಿಗಳಲ್ಲಿ ಮಳೆಗಾಲ ಬಂತೆಂದರೆ ತಪ್ಪದೆ ಕೇಳುವ ಮಾತಿದು: ‘ನವಲಗುಂದದ ಕಡೆ ಹಳ್ಳ ಬಂದದಂತ. ಬರ್ಲಿ ಬಿಡ್ರಿ, ಹೊಲಕ್ಕ ಗೊಬ್ಬರ ಆಗ್ತದ.’ ಹೀಗನ್ನುವವರಿಗೆ ಬೆಣ್ಣಿಹಳ್ಳದ ದಂಡೆಯಲ್ಲಿ ಗುಂಟೆ ಹೊಲವೂ ಇರುವುದಿಲ್ಲ. ನೈಲ್ ನದಿಯ ನೆರೆಯಿಂದ ಈಜಿಪ್ಟ್ ಉದ್ಧಾರವಾದ ಶಾಲೆಯ ಪಾಠ ತಲೆಯಲ್ಲಿ ಕೂತಿದೆ, ಅಷ್ಟೆ.

ನೈಲ್ ವರ್ಷಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ತಿಂಗಳಲ್ಲಿ, ನಿಧಾನವಾಗಿ ಏರಿ ಇಳಿಯುತ್ತಿತ್ತು, ಬಿತ್ತನೆ ಆಮೇಲೆ. 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿದ ಮೇಲೆ ಅದೂ ನಿಂತಿತು. ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ದಾಟಿ ಮಲಪ್ರಭೆ ಸೇರುವ ಬೆಣ್ಣಿಹಳ್ಳಕ್ಕೆ ಅಂಥ ಶಿಸ್ತಿಲ್ಲ. ಮೇಲ್ಭಾಗದಲ್ಲಿ ಜೋರು ಮಳೆಯಾದರೆ ರಾತ್ರೋರಾತ್ರಿ ಉಕ್ಕುತ್ತದೆ. 2019ರಲ್ಲಿ ಉಕ್ಕಿದ್ದು ಆಗಸ್ಟ್‌ನಲ್ಲಿ, ಹೆಸರು ಕಾಯಿಕಟ್ಟುವ ಕಾಲದಲ್ಲಿ. ಬಲಿತ ಹೆಸರು ನೆಂದರೆ ಕಾಯೊಳಗೇ ಮೊಳಕೆಯೊಡೆಯುತ್ತದೆ.

ಇನ್ನು ಮಣ್ಣು. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಕೆರೆಯ ಹೂಳು ಹೇರಿದರೆ ತೇವ ಹಿಡಿಯುವ ಶಕ್ತಿ ಬರುತ್ತದೆ. ನಂಬಿಕೆಯ ಬೇರು ಬಹುಶಃ ಅಲ್ಲಿದೆ. ನವಲಗುಂದದ್ದು ಎರಿ, ಅಂದರೆ ಕಪ್ಪು ನೆಲ. ಅದಕ್ಕೆ ಜಿಗುಟು ಮಣ್ಣಿಗೆ ಎಂದೂ ಬರವಿರಲಿಲ್ಲ. ಕೊರತೆಯಿರುವುದು ಸಾರಜನಕ, ರಂಜಕ, ಸಾವಯವ ಅಂಶಗಳದು. ಹಳ್ಳ ತಂದುಹಾಕುವ ಮಣ್ಣಾದರೂ ಯಾರದು? ಮೇಲಿನೂರಿನ ಯಾವನೋ ರೈತನ ಹೊಲದ ಮೇಲ್ಪದರ. ಅದರಲ್ಲಿ ಒಂದಷ್ಟು ಹಳ್ಳದ ಪಾತ್ರದಲ್ಲೇ, ಜಾಲಿಕಂಟಿಯ ಬುಡದಲ್ಲಿ ಕೂತು ಮುಂದಿನ ನೆರೆಯನ್ನು ಇನ್ನಷ್ಟು ಎತ್ತರಿಸುತ್ತದೆ. ಹುಬ್ಬಳ್ಳಿಯ ಚರಂಡಿ ನೀರೂ ಇದೇ ಹಳ್ಳಕ್ಕೆ. ಗೊಬ್ಬರವೆಂದರೆ ಅದೇ ಇರಬೇಕು!

ಲಾಭವೇ ಇಲ್ಲವೆಂದಲ್ಲ. ನೀರು ಬೇಗ ಇಳಿದು, ಹಿಂಗಾರಿ ಬಿತ್ತನೆಯ ಹೊತ್ತಿಗೆ ನೆಲ ಹದಕ್ಕೆ ಬಂದರೆ ಎರಿಯ ತೇವದಲ್ಲೇ ಕಡಲೆ, ಬಿಳಿಜೋಳ ಬೆಳೆದಾವು. ಆದರೆ ಅಷ್ಟು ತೇವಕ್ಕೆ ಹದವಾದ ಮಳೆಯೇ ಸಾಕು. ನೀರು ವಾರಗಟ್ಟಲೆ ನಿಂತರೆ ಬೇರು ಕೊಳೆಯುತ್ತದೆ, ಬಿತ್ತನೆ ಹಿಂದೆ ಬೀಳುತ್ತದೆ. ಖರ್ಚಿನ ಲೆಕ್ಕದಲ್ಲಿ ಮಣ್ಣಿನ ಗೋಡೆಗಳೂ ಇವೆ: 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಬೇಕಾಯಿತು.

ನೆರೆ ಬಂದರೆ ಬೋರ್‌ವೆಲ್ ತುಂಬುತ್ತವೆ ಎಂಬುದು ಇನ್ನೊಂದು ಕಥೆ. ನೆಂದ ಎರಿ ಬಿರುಕು ಮುಚ್ಚಿಕೊಂಡ ಮೇಲೆ ನೀರು ಇಳಿಯುವುದು ಬಲು ನಿಧಾನ.

ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಗೇಟು ತೆಗೆದಿದ್ದಕ್ಕೇ ಬೆಣ್ಣಿಹಳ್ಳ ಬಂತು ಎನ್ನುವ ವಾಟ್ಸ್ಆ್ಯಪ್ ಪಂಡಿತರಂತೂ ನಕ್ಷೆಯನ್ನೇ ಬಿಚ್ಚಿದವರಲ್ಲ. ಹಳ್ಳ ಮಲಪ್ರಭೆಯನ್ನು ಸೇರುವುದು ಆ ಅಣೆಕಟ್ಟಿನ ಎಷ್ಟೋ ಕೆಳಗೆ. ಆದರೂ ಈ ಕಥೆಗೆ ಸಾವಿಲ್ಲ. ಗೇಟಿನ ಮೇಲೆ ಗೂಬೆ ಕೂರಿಸಿಬಿಟ್ಟರೆ ಹಳ್ಳದ ಪಾತ್ರ ಒತ್ತಿ ಬಿತ್ತಿದವರ ಹೆಸರೆತ್ತುವ ಪ್ರಸಂಗವೇ ಬರುವುದಿಲ್ಲವಲ್ಲ.