ಕಿಡಿ ಏಕೆ ಹಾರದು?
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, ಅದರ ಯೆಜ್ಡಿ ಬೈಕುಗಳನ್ನು ಮನೆಯಂಗಳದಲ್ಲಿಯೇ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಇಂದಿಗೂ ಉಂಟು. ನಾವೂ ಅವರೊಳಗೊಬ್ಬರು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟಾಗ ಒಮ್ಮೆ ನಡುದಾರಿಯಲ್ಲಿ ಬೈಕು ನಿಂತಿತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ತುದಿಯೆಲ್ಲ ಜಿಡ್ಡುಮಸಿ.

ಇಂತಹ ಎರಡು-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯೂ ಪೆಟ್ರೋಲಿನೊಡನೆ ಒಳಹೋಗುತ್ತದೆ. ಪೂರ್ತಿ ಉರಿಯದೆ ಉಳಿದುದು ಮಸಿಯಾಗುತ್ತದೆ. ಮಸಿಯೆಂದರೆ ಇಂಗಾಲ, ಅದು ವಿದ್ಯುದ್ವಾಹಕ. ಪ್ಲಗ್ಗಿನ ಕಿರುಸಂದನ್ನು ಕಿಡಿ ದಾಟಬೇಕಾದರೆ ಸಾವಿರಾರು ವೋಲ್ಟುಗಳ ಒತ್ತಡ ಬೇಕು. ಪಿಂಗಾಣಿಯ ಮೇಲೆ ಮಸಿ ಕುಳಿತರೆ ವಿದ್ಯುತ್ತು ಅದರ ಮೂಲಕವೇ ಎಂಜಿನ್ನಿನ ಮೈಗೆ ಸೋರಿಹೋಗುತ್ತದೆ. ಒತ್ತಡ ಏರುವುದಿಲ್ಲ, ಕಿಡಿಯೂ ಹಾರುವುದಿಲ್ಲ.

ಮಸಿಯನ್ನು ಕೆರೆದು, ಒರಸಿ, ಪ್ಲಗ್ಗನ್ನು ಮರಳಿ ಕೂರಿಸಿದೆವು. ಎರಡನೆಯ ಒದೆತಕ್ಕೆ ಎಂಜಿನ್ ಗುಡುಗಿತು. ತಪ್ಪು ನಮ್ಮದೇ: ಹಿಂದಿನ ದಿನ ಎಣ್ಣೆಯನ್ನು ಅಳೆಯದೆ, ಕಣ್ಣಂದಾಜಿನಲ್ಲಿ ಸುರಿದಿದ್ದೆವು.