ಅರಿಯಲೂರಿನ ಸುಣ್ಣಗಲ್ಲಿನ ಗಣಿಗಳಲ್ಲಿ ಸ್ತರಪರಿಶೀಲನೆ

ಶಾಸನವೊಂದು ದೊರೆತಾಗ ಅದರ ಪಾಠದಷ್ಟೇ ಅದು ನಿಂತಿದ್ದ ಸ್ಥಳವೂ ಮುಖ್ಯವೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಭೂಗರ್ಭಶಾಸ್ತ್ರದಲ್ಲಿ ಪಳೆಯುಳಿಕೆಗಳಿಗೂ ಇದೇ ನ್ಯಾಯವು ಸಲ್ಲುತ್ತದೆ. ಚಿಪ್ಪೊಂದು ಯಾವ ಸ್ತರದಿಂದ ಬಂದುದೆಂಬುದು ತಿಳಿಯದಿದ್ದರೆ ಅದು ಪ್ರದರ್ಶನದ ವಸ್ತುವಾದೀತೇ ಹೊರತು ಕಾಲನಿರ್ಣಯಕ್ಕೆ ಪ್ರಬಲವಾದ ಪ್ರಮಾಣವಾಗಲಾರದು. ತಮಿಳುನಾಡಿನ ಅರಿಯಲೂರು ಪ್ರಾಂತದ ಸುಣ್ಣಗಲ್ಲಿನ ಗಣಿಗಳು ಇದಕ್ಕೆ ಉತ್ತಮ ನಿದರ್ಶನವಾಗಿವೆ.

ಕಾವೇರಿಯ ಉತ್ತರಕ್ಕಿರುವ ಈ ಪ್ರದೇಶವನ್ನು ಕ್ರಿಟೇಷಿಯಸ್ ಯುಗದಲ್ಲಿ ಸಮುದ್ರವು ಆಕ್ರಮಿಸಿದ್ದಿತು. ಆ ಯುಗವು ಈಗ್ಗೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮುಗಿಯಿತು. ಇಲ್ಲಿಯ ಜೀವಾವಶೇಷಗಳನ್ನು ಕುರಿತು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಬರೆದನು. ಎಚ್. ಎಫ್. ಬ್ಲಾನ್‌ಫರ್ಡ್ 1862ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶಿಲೆಗಳನ್ನು ಉತ್ತತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಎಂದು ಮೂರು ವರ್ಗಗಳಾಗಿ ವಿಂಗಡಿಸಿದನು. ಫರ್ಡಿನಾಂಡ್ ಸ್ಟೋಲಿಚ್ಕ 1873ರ ವರೆಗೆ ಅವುಗಳ ಜೀವಾವಶೇಷಗಳನ್ನು ಸವಿಸ್ತಾರವಾಗಿ ವರ್ಣಿಸಿದನು. ಸ್ತರಗಳು ಸಾಮಾನ್ಯವಾಗಿ ಪೂರ್ವದ ಕಡೆಗೆ ಮೆಲ್ಲನೆ ಇಳಿಜಾರಾಗಿರುವುದರಿಂದ, ಪಶ್ಚಿಮದಿಂದ ಪೂರ್ವಕ್ಕೆ ನಡೆದವನು ಹಳೆಯ ಕಾಲದಿಂದ ಹೊಸ ಕಾಲಕ್ಕೆ ಬಂದಂತಾಗುತ್ತದೆ.

ಕ್ಷೇತ್ರಕಾರ್ಯದ ಕ್ರಮವು ಸರಳವಾದುದು. ಆದರೆ ತಾಳ್ಮೆಯನ್ನು ಬೇಡುವುದು. ಗಣಿಯ ಗೋಡೆಯಲ್ಲಿ ಕಾಣುವ ಪದರಗಳಿಗೆ ಕೆಳಗಿನಿಂದ ಮೇಲಕ್ಕೆ ಅಂಕೆಗಳನ್ನು ಕೊಡಬೇಕು. ಪ್ರತಿಯೊಂದರ ದಪ್ಪ, ಬಣ್ಣ, ಕಣಗಳ ಗಾತ್ರ, ಇಳಿಜಾರಿನ ದಿಕ್ಕು ಮತ್ತು ಕೋನಗಳನ್ನು ಅಳೆದು ಬರೆಯಬೇಕು. ತೆಗೆದ ಪಳೆಯುಳಿಕೆಗೆ ಆಯಾ ಪದರದ ಅಂಕೆಯನ್ನೇ ಹಚ್ಚಬೇಕು. ಅದು ಮಲಗಿದ್ದ ರೀತಿಯನ್ನೂ ಗುರುತಿಸತಕ್ಕದ್ದು. ಏಕೆಂದರೆ ಎರಡು ಚಿಪ್ಪುಗಳೂ ಕೂಡಿಕೊಂಡೇ ಇದ್ದರೆ ಪ್ರಾಣಿಯು ಬೇಗನೆ ಹೂತುಹೋಯಿತೆಂದು ಊಹಿಸಬಹುದು. ಬಿಡಿಬಿಡಿಯಾಗಿ ಸವೆದಿದ್ದರೆ ಅಲೆಗಳು ಅವನ್ನು ಹೊರಳಿಸಿದುವೆಂದು ತಿಳಿಯಬೇಕು. ಕಲ್ಲಂಕುರಿಚ್ಚಿಯ ಸುಣ್ಣಗಲ್ಲಿನಲ್ಲಿ ಗ್ರೈಫಿಯವೆಂಬ ದಪ್ಪ ಚಿಪ್ಪಿನ ಸಿಂಪಿಗಳು ರಾಶಿರಾಶಿಯಾಗಿ ದೊರೆಯುತ್ತವೆ. ಇವು ಆಗಿನ ಸಮುದ್ರವು ಆಳವಿಲ್ಲದ್ದೆಂಬುದನ್ನು ಸೂಚಿಸುತ್ತವೆ. ಕಾಲವನ್ನು ಸೂಕ್ಷ್ಮವಾಗಿ ನಿರ್ಣಯಿಸುವುದಕ್ಕಾದರೋ ಬೇಗಬೇಗನೆ ರೂಪಾಂತರ ಹೊಂದಿದ ಅಮ್ಮೊನೈಟುಗಳೇ ಹೆಚ್ಚು ಉಪಯುಕ್ತವಾದುವು.

ಈ ಕಲ್ಲನ್ನು ಸಿಮೆಂಟಿಗಾಗಿ ತೆಗೆಯುತ್ತಾರೆ. ಗಣಿಯು ಅಗೆದುದರಿಂದಲೇ ಮಣ್ಣಿನೊಳಗಿದ್ದ ಸ್ತರಗಳು ಕಣ್ಣಿಗೆ ಬಿದ್ದುವು. ಮುಂದಕ್ಕೆ ಅಗೆದಂತೆಲ್ಲ ಅವೇ ಇಲ್ಲವಾಗುವುವು. ಕಲ್ಲು ಒಮ್ಮೆ ಗೂಡಿಗೆ ಹೋದ ಮೇಲೆ ಮೂಲವನ್ನು ನೋಡಿ ತಿದ್ದಿಕೊಳ್ಳುವ ಅವಕಾಶವಿರುವುದಿಲ್ಲ.

ಗಣಿಯಿಂದ ಹೊರಗೂ ಇಂಥ ನಷ್ಟವು ಸಂಭವಿಸಿದೆ. ಅದೇ ಪ್ರಾಂತದ ಕಲ್ಲಮೇಡಿನ ಶಿಲೆಗಳಲ್ಲಿ ದೊರೆತ ಮಹಾಸರಟವೊಂದರ ಎಲುಬುಗಳಿಗೆ 1980ರ ದಶಕದಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ವಿದ್ವಾಂಸರು ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಕಾಲಿನ ಎಲುಬೊಂದೇ ಸುಮಾರು 2 ಮೀಟರು ಉದ್ದವಿದ್ದಿತು. ಮೊದಲು ಅದನ್ನು ಮಾಂಸಾಹಾರಿಯೆಂದು ಎಣಿಸಿದ್ದರು. ಅನಂತರ ನೀಳಗೊರಳಿನ ಸಸ್ಯಾಹಾರಿಯೆಂಬ ಮತವು ಬಲಗೊಂಡಿತು. ಎಲುಬುಗಳು ಪುಡಿಯಾಗಿ ಹೋದುದರಿಂದ ಈಗ ವಿಚಾರಕ್ಕೆ ಉಳಿದಿರುವುವು ಬರೆದಿಟ್ಟ ವರ್ಣನೆ, ರೇಖಾಚಿತ್ರಗಳು, ಮತ್ತು 2022ರಲ್ಲಿ ಪ್ರಕಟವಾದ ಛಾಯಾಚಿತ್ರಗಳು ಮಾತ್ರ.

ಮೂಲಪ್ರತಿಯು ನಷ್ಟವಾದಾಗ ನಕಲೇ ಆಧಾರವಾಗುತ್ತದೆ. ಆದುದರಿಂದ ಕ್ಷೇತ್ರದಲ್ಲಿ ಬರೆಯುವ ಒಂದೊಂದು ಅಳತೆಯನ್ನೂ, ಮುಂದೆ ಅದನ್ನು ಹೋಲಿಸಿ ನೋಡಲು ಮೂಲವೇ ಇರಲಾರದೆಂಬ ಎಚ್ಚರದಿಂದ ಬರೆಯುವುದು ಆವಶ್ಯಕವಾಗಿದೆ.